ದ್ವಾರಪಾಲಕ ದಯಾನಂದ

ಸುನಂದಾ ಮದುವೆಯಾಗಿ ನೊಣವಿನಕೆರೆ ಪಕ್ಕದ ಆ ತೋಟದ ಮನೆಗೆ ಬಂದಾಗ ತನಗೊಬ್ಬ ಮೈದುನ ಇದ್ದಾನೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಅವನ ಸುದ್ದಿ ಎತ್ತಿರಲಿಲ್ಲ. ಅವಳ ತಂದೆ ಮನೆತನ ನೋಡಲು ಬಂದ ದಿನ ಹುಡುಗನನ್ನು ತೆಂಗಿನ ತೋಟದ ಆಚೆ ತುದಿಗೆ ಕಳಿಸಿದ್ದರು. ಮದುವೆಗೂ ಕರೆತರಲಿಲ್ಲ, ಅದು ಮುಗಿಯುವವರೆಗೆ ತುರುವೇಕೆರೆಯ ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರು. ಇದೆಲ್ಲ ನಡೆದದ್ದು ಎರಡು ಸಾವಿರದ ಒಂಬತ್ತರಲ್ಲಿ.

ಮನೆ ತುಂಬಿಸಿಕೊಂಡ ಮೂರನೇ ದಿನ ಮಧ್ಯಾಹ್ನ, ತವರಿನ ನೆನಪಾಗಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದ ಸುನಂದಾಗೆ ತಲೆಯ ಮೇಲೆ ಅಟ್ಟದಲ್ಲಿ ಸದ್ದು ಕೇಳಿಸಿತು. ಆ ಸೀಮೆಯ ಎಲ್ಲ ಮನೆಗಳಂತೆ ಅಲ್ಲಿಯೂ ತೆಂಗಿನಕಾಯಿಗಳು ಕೊಬ್ಬರಿಯಾಗುವವರೆಗೆ ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿರುತ್ತಿದ್ದವು. ಬೆಕ್ಕಿರಬೇಕು ಎಂದುಕೊಂಡು ಅವಳು ಏಣಿ ಹತ್ತಿದಳು. ಕಾಯಿರಾಶಿಯ ನಡುವೆ ಹದಿನೈದರ ಒಬ್ಬ ಹುಡುಗ ಕೂತಿದ್ದ. ಕುಳ್ಳು ಮೈ, ದುಂಡು ಮುಖ, ತುದಿಯಲ್ಲಿ ಮೇಲಕ್ಕೆ ಎಳೆದಂತಿದ್ದ ಪುಟ್ಟ ಕಣ್ಣು. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದವನು ಅವಳನ್ನು ಕಂಡು ಕೆಳಗಿಟ್ಟ. ಹೆಗಲ ಮೇಲಿನ ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು, ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಬಲಗಾಲನ್ನು ಸ್ವಲ್ಪ ಎಳೆಯುತ್ತ ನಾಲ್ಕು ಹೆಜ್ಜೆ ನಡೆದ.

ಸುನಂದಾ ಬೆಚ್ಚಿದಳು. ಅದು ಅವಳ ಅಮ್ಮನ ನಡಿಗೆ. ಮಗಳನ್ನು ಬಿಡಲು ಜೊತೆಗೆ ಬಂದು ಹಿಂದಿನ ದಿನವಷ್ಟೇ ಊರಿಗೆ ಮರಳಿದ್ದ ಅಮ್ಮನನ್ನು ಅವನು ಅಟ್ಟದ ಹಲಗೆಯ ಸಂದಿಯಿಂದ ನೋಡಿದ್ದ, ಅಷ್ಟೇ. ಹೊರಡುವಾಗ ಸೆರಗಿನ ತುದಿಯಿಂದ ಮೂಗೊರೆಸಿಕೊಂಡದ್ದನ್ನೂ ಅವನು ಬಿಡಲಿಲ್ಲ. ಮೂರು ದಿನದಿಂದ ಅಳುತ್ತಿದ್ದ ಸುನಂದಾ ಏಣಿಯ ಮೇಲೆ ನಿಂತುಕೊಂಡೇ ಬಿದ್ದು ಬಿದ್ದು ನಕ್ಕಳು.

"ಯಾರಪ್ಪಾ ನೀನು?"

"ದಯಾನಂದ. ನೀನು ಅತ್ಗೆ," ಅಂದ ಹುಡುಗ. ನಾಲಿಗೆ ದಪ್ಪ, ಮಾತು ತೊದಲು. ಆದರೆ ಹೇಳಿದ್ದರಲ್ಲಿ ಅನುಮಾನವೇನೂ ಇರಲಿಲ್ಲ.

ಕೆಳಗಿಳಿದ ಮೇಲೆ ಸುನಂದಾಗೆ ನಗು ಹೋಗಿ ಸಿಟ್ಟು ಬಂತು. ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಚಿಕ್ಕಗೌರಮ್ಮನ ಮುಂದೆ ಹೋಗಿ ನಿಂತು, "ಯಾಕತ್ತೆ ಮುಚ್ಚಿಟ್ರಿ? ಮನುಷ್ಯನ್ನ ಯಾರಾದ್ರೂ ಅಟ್ಟದ ಮೇಲೆ ಇಡ್ತಾರಾ?" ಎಂದು ಕೇಳಿಯೇಬಿಟ್ಟಳು.

ಚಿಕ್ಕಗೌರಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನಿಮ್ಮೋರು ಹೆಣ್ಣು ಕೊಡ್ತಿದ್ರಾ? ನೀನೇ ಹೇಳವ್ವ."

ಕೊಡುತ್ತಿರಲಿಲ್ಲ. ತಾನೂ ಒಪ್ಪುತ್ತಿರಲಿಲ್ಲ. ಆ ಸತ್ಯ ಸುನಂದಾಗೆ ಸಿಟ್ಟಿಗಿಂತ ಹೆಚ್ಚು ನೋವು ಕೊಟ್ಟಿತು. ಹೋಗಿ ಅತ್ತೆಯ ಎದುರು ಕೂತು ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡಳು. ಆ ದಿನ ಚಿಕ್ಕಗೌರಮ್ಮ ಒಂದೊಂದಾಗಿ ಎಲ್ಲವನ್ನೂ ಹೇಳಿದರು. ಹುಟ್ಟಿದಾಗಲೇ ಡಾಕ್ಟರು ಡೌನ್ ಸಿಂಡ್ರೋಮ್ ಎಂದಿದ್ದು, ಹೃದಯದಲ್ಲಿದ್ದ ತೂತಿಗೆ ಐದನೇ ವರ್ಷದಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದ್ದು, ನಾಲ್ಕನೇ ಕ್ಲಾಸಿನ ಮೇಲೆ "ಮನೆಯಲ್ಲೇ ಇಟ್ಕೊಳ್ಳಿ" ಎಂದು ಶಾಲೆಯವರು ಕಳಿಸಿದ್ದು, ಅದರ ಮರುವರ್ಷ ಗಂಡ ತೀರಿಕೊಂಡಿದ್ದು. "ಜನ ನೋಡೋ ನೋಟ ಐತಲ್ಲ, ಅದನ್ನ ನನ್ನ ಕೈಲಿ ತಡ್ಕೊಳಾಕಾಗ್ಲಿಲ್ಲ ಕಣವ್ವ. ಅವನಿಗೇನೂ ಆಗ್ಲಿಲ್ಲ. ಆಗಿದ್ದು ನಂಗೆ."

ಸುನಂದಾ ಟೀಚರ್ ಟ್ರೈನಿಂಗ್ ಓದುತ್ತ ಅರ್ಧಕ್ಕೆ ಬಿಟ್ಟು ಬಂದವಳು. ಮೈದುನನಿಗೆ ಅಕ್ಷರ ಕಲಿಸುತ್ತೇನೆಂದು ಸ್ಲೇಟು ತರಿಸಿದಳು. ದಯಾನಂದನಿಗೆ ಅಕ್ಷರದ ಮೇಲೆ ಒಲವೇ ಇರಲಿಲ್ಲ. ಆದರೆ ಹಾಲು ಹಾಕಿಸಿಕೊಳ್ಳುವ ಡೈರಿಯವನು ಮೂಗಿನಲ್ಲಿ ಮಾತಾಡುವುದು, ಪಂಚಾಯ್ತಿ ಮೆಂಬರು ಪಂಚೆ ಎತ್ತಿ ಕಟ್ಟುವುದು, ಅಣ್ಣ ರಂಗನಾಥ ಉಣ್ಣುವಾಗ ಹುಬ್ಬು ಕುಣಿಸುವುದು, ಎಲ್ಲವೂ ಅವನ ಮೈಯಲ್ಲಿ ಇಳಿದುಬಿಡುತ್ತಿತ್ತು. ಸ್ಲೇಟು ಮೂಲೆ ಸೇರಿತು. ಅತ್ತಿಗೆ ಮೈದುನರಿಬ್ಬರೂ ಹಿತ್ತಿಲಲ್ಲಿ ಊರವರನ್ನೆಲ್ಲ ಅಣಕಿಸುತ್ತ ಕೂರತೊಡಗಿದರು.

ಮೂರು ವರ್ಷ ಕಳೆಯಿತು. ಊರಿನ ಗೆಳೆಯರೆಲ್ಲ ಸೇರಿ ಒಂದು ಪೌರಾಣಿಕ ನಾಟಕ ಆಡಬೇಕೆಂದು ಹುಳಿಯಾರು ಕಡೆಯಿಂದ ಶ್ರೀರಂಗಯ್ಯ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಎಂದರೆ ಹಾರ್ಮೋನಿಯಂ ಮೇಷ್ಟ್ರು. ಮಾತು ಹಾಡು ಎರಡನ್ನೂ ಕಲಿಸುವವರು. ಬಡಕಲು ಆಳು, ಬಾಯಲ್ಲಿ ಸದಾ ಎಲೆಯಡಿಕೆ. ಸಂಜೆ ಶಾಲೆಯ ಜಗಲಿಯಲ್ಲಿ ತಾಲೀಮು ಶುರುವಾದರೆ ದಯಾನಂದ ಎಲ್ಲರಿಗಿಂತ ಮೊದಲೇ ಹಾಜರು. ತಿಂಗಳೊಳಗೆ ಯಾವ ಪಾತ್ರ ಯಾವ ಮಾತಿಗೆ ಒಳಗೆ ಬರಬೇಕೆಂಬುದು ಅವನಿಗೆ ಪೂರ್ತಿ ಗೊತ್ತಾಯಿತು. ಪಾತ್ರಧಾರಿಗಳು ಬೀಡಿ ಸೇದುತ್ತ ಮರೆತು ಕೂತಿದ್ದರೆ ಹೋಗಿ ಬೆನ್ನಿಗೆ ಗುದ್ದಿ ಎಬ್ಬಿಸುತ್ತಿದ್ದ.

ನಾಟಕಕ್ಕೆ ಮೂರು ವಾರವಿದ್ದಾಗ ದ್ವಾರಪಾಲಕನ ಪಾತ್ರದವನು ಕಾಮಾಲೆಯಾಗಿ ಹಾಸಿಗೆ ಹಿಡಿದ. ಆ ಪಾತ್ರಕ್ಕೆ ದಯಾನಂದನನ್ನು ಕೇಳಲು ಮೇಷ್ಟ್ರು ನೇರವಾಗಿ ಮನೆಗೇ ಬಂದರು.

"ಬ್ಯಾಡ ಮೇಷ್ಟ್ರೇ," ಅಂದರು ಚಿಕ್ಕಗೌರಮ್ಮ. "ಮನೇಲಿರೋನು ಇರ್ಲಿ ಬುಡಿ. ಊರೆಲ್ಲಾ ಕೂತ್ಕಂಡು ಅವನ್ನ ನೋಡಿ ನಗೋದು ಬ್ಯಾಡ."

"ನಗೋರು ಮನೇಲಿದ್ರೂ ನಗ್ತಾರೆ ಕಣವ್ವ," ಎಂದರು ಮೇಷ್ಟ್ರು. "ಸ್ಟೇಜ್ ಮ್ಯಾಲಾದ್ರೆ ನಗಾಕೆ ಒಂದು ಕಾರಣನಾದ್ರೂ ಇರ್ತದೆ."

ಪಾತ್ರಕ್ಕಿದ್ದದ್ದು ಒಂದೇ ಮಾತು. "ಮಹಾಪ್ರಭುಗಳಿಗೆ ಜಯವಾಗಲಿ! ಮಹಾಮಂತ್ರಿಗಳು ದ್ವಾರದಲ್ಲಿ ಕಾದಿದ್ದಾರೆ." ಪ್ರಭು ಎಂಬಲ್ಲಿ ದಯಾನಂದನ ನಾಲಿಗೆ ತೊಡರುತ್ತಿತ್ತು, ದ್ವಾರ ಎಂಬಲ್ಲಿ ನಿಂತೇಬಿಡುತ್ತಿತ್ತು. ಸುನಂದಾ ಮೇಷ್ಟ್ರನ್ನು ಕೇಳಿ ದ್ವಾರವನ್ನು ಬಾಗಿಲು ಮಾಡಿಸಿಕೊಂಡಳು. ಉಳಿದದ್ದಕ್ಕೆ ಒಂದು ಉಪಾಯ ಹೂಡಿದಳು. ಕೊಟ್ಟಿಗೆಯಿಂದ ನೀರಿನ ತೊಟ್ಟಿಯವರೆಗೆ ಹೆಜ್ಜೆಗೊಂದು ಮಾತು. ಹೆಜ್ಜೆ ಇಟ್ಟ ಮೇಲೆ ಮಾತು, ಮಾತಾದ ಮೇಲೆ ಹೆಜ್ಜೆ. ಬೆಳಿಗ್ಗೆ ಸಗಣಿ ಬಾಚುವಾಗ, ಸಂಜೆ ಹಾಲು ಕರೆಯುವಾಗ ಇದೇ ನಡೆಯಿತು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸನ್ನು ಹೊತ್ತುಕೊಂಡು ಅವಳೂ ಅವನ ಜೊತೆ ಹೆಜ್ಜೆ ಹಾಕಿದಳು. ಮಾತು ಮಂದವಾಗಿಯೇ ಉಳಿಯಿತು, ಆದರೆ ಗಂಭೀರವಾಯಿತು. ದೊಡ್ಡ ಅರಮನೆಯ ಬಾಗಿಲು ಕಾಯುವವನು ಹೀಗೇ ಮಾತಾಡುತ್ತಾನೇನೋ ಅನ್ನಿಸುವಂತೆ.

ನಾಟಕದ ದಿನ ಸುನಂದಾ ಪರದೆಯ ಪಕ್ಕದಲ್ಲಿ ನಿಂತಳು, ಮಾತು ಮರೆತರೆ ಎತ್ತಿಕೊಡಲು. ಕಿರೀಟ ಇಟ್ಟು, ಈಟಿ ಹಿಡಿದು ದಯಾನಂದ ಒಳಗೆ ಬಂದಾಗ ಮುಂದೆ ಕೂತ ಹುಡುಗರು ಸಿಳ್ಳೆ ಹೊಡೆದು ನಕ್ಕರು. ಅವನು ಅತ್ತ ನೋಡಲಿಲ್ಲ. ಹೆಜ್ಜೆಯೆಣಿಸಿ ಬಂದು ಮಾತು ಹೇಳಿದ, ಬಾಗಿದ, ಹಿಂದೆ ಸರಿದು ತನ್ನ ಜಾಗದಲ್ಲಿ ನಿಂತ. ಸುನಂದಾ ಉಸಿರು ಬಿಟ್ಟಳು. ಅಷ್ಟರಲ್ಲಿ ಇನ್ನೊಂದು ಆಯಿತು. ಮಹಾರಾಜನ ಪಾತ್ರದವನು ಆವೇಶದಲ್ಲಿ ಅಬ್ಬರಿಸಿದ ಹೊಡೆತಕ್ಕೆ ಅವನ ಅಂಟಿಸಿದ ಮೀಸೆ ಕಳಚಿ ನೆಲಕ್ಕೆ ಬಿತ್ತು. ಜನ ಹೋ ಎಂದರು. ಮಹಾರಾಜ ಬಾಯಿಗೆ ಕೈ ಅಡ್ಡ ಹಿಡಿದು, ಮಾತೆಲ್ಲ ಮರೆತು ಬೆಪ್ಪಾಗಿ ನಿಂತ. ದಯಾನಂದ ಈಟಿಯನ್ನು ಗೋಡೆಗೆ ಒರಗಿಸಿ, ಅದೇ ಹೆಜ್ಜೆಯಲ್ಲಿ ನಡೆದು ಬಂದು, ಮೀಸೆಯನ್ನು ಎತ್ತಿ, ಎರಡೂ ಕೈಯಲ್ಲಿ ಕಪ್ಪಕಾಣಿಕೆಯಂತೆ ಮುಂದೆ ಹಿಡಿದು ತಲೆಬಾಗಿದ.

"ಮಹಾಪ್ರಭು. ತಮ್ಮ ಮೀಸೆ."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಹುಡುಗರು ಈಗ ಹೊಡೆದ ಸಿಳ್ಳೆ ಬೇರೆಯದೇ ಆಗಿತ್ತು. ಬಣ್ಣ ತೊಳೆಯುವಾಗ ಮೇಷ್ಟ್ರು ಚಿಕ್ಕಗೌರಮ್ಮನಿಗೆ ಹೇಳಿದರು: "ನಮ್ಮ ರಾಜ ಪಾತ್ರ ಬುಟ್ಟು ಈಚೆಗೆ ಬಂದ್ಬುಟ್ಟ. ನಿಮ್ಮುಡ್ಗ ಬರ್ಲಿಲ್ಲ ಕಣವ್ವ. ಇದನ್ನ ಕಲ್ಸಾಕಾಗಲ್ಲ."

ಅಲ್ಲಿಂದ ಮೇಷ್ಟ್ರು ಎಲ್ಲಿ ನಾಟಕ ಕಲಿಸಿದರೂ ದಯಾನಂದನಿಗೊಂದು ಪಾತ್ರ. ತಮ್ಮ ಟಿವಿಎಸ್‌ನ ಹಿಂದೆ ಕೂರಿಸಿಕೊಂಡು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಮುತ್ತ ತಿರುಗಿಸಿದರು. ದ್ವಾರಪಾಲಕ, ದೂತ, ಚಾಮರ ಬೀಸುವವನು, ಒಮ್ಮೆ ಋಷಿ. ಐದು ವರ್ಷದಲ್ಲಿ ನಲವತ್ತಕ್ಕೂ ಮೇಲೆ ನಾಟಕ. ಸುನಂದಾ ಮಗಳು ಕೃತಿಕಾಳನ್ನು ಕಂಕುಳಲ್ಲಿಟ್ಟುಕೊಂಡು ಪ್ರತಿಯೊಂದಕ್ಕೂ ಹೋಗಿ ಪರದೆಯ ಪಕ್ಕ ನಿಂತಳು.

ಎರಡು ಸಾವಿರದ ಹದಿನೇಳರಲ್ಲಿ ಕಿಬ್ಬನಹಳ್ಳಿ ಕ್ರಾಸಿನ ಹತ್ತಿರ ಒಂದು ಸಿನಿಮಾದ ಶೂಟಿಂಗ್ ಬಂತು. ಯಾರೋ ದಯಾನಂದನ ವಿಷಯ ಹೇಳಿದ್ದಕ್ಕೆ, ನಾಯಕನ ಜೊತೆ ಎರಡು ದೃಶ್ಯದಲ್ಲಿ ಅವನು ಬೇಕೆಂದು ಕರೆ ಬಂತು. ಊರಿಗೆ ಊರೇ ಸಂಭ್ರಮಪಟ್ಟಿತು. ರಂಗನಾಥ ತಮ್ಮನಿಗೆ ಹೊಸ ಶರ್ಟು ಹೊಲಿಸಿದ. ಹೆದ್ದಾರಿ ಪಕ್ಕದ ಹೋಟೆಲೊಂದರ ಮುಂದೆ ಕ್ಯಾಮೆರಾ ಇಟ್ಟಿದ್ದರು. ಹರಿದ ಚಡ್ಡಿ ತೊಡಿಸಿ, ಮುಖಕ್ಕೆ ಮಸಿ ಹಚ್ಚಿ ನಿಲ್ಲಿಸಿದರು. ದಯಾನಂದ ಬೇಸರಿಸಲಿಲ್ಲ, ವೇಷ ವೇಷವೇ. ಆಮೇಲೆ ನಿರ್ದೇಶಕರು ಹತ್ತಿರ ಬಂದು, "ನಾಲಿಗೆ ಹೊರಗೆ ಹಾಕು. ಜೊಲ್ಲು ಬರ್ಲಿ. ಹೀರೋ ತಲೆಗೆ ಹೊಡೆದಾಗ ನಗ್ತಾ ಇರು," ಎಂದರು.

"ಯಾಕೆ?"

ನಿರ್ದೇಶಕರು ಸುನಂದಾಳತ್ತ ತಿರುಗಿದರು. "ಇವನಿಗೆ ಅರ್ಥ ಆಗ್ಲಿಲ್ಲ ಅನ್ಸುತ್ತೆ, ನೀವು ಹೇಳಿ ಮೇಡಂ. ಅಂಥವರು ಹಂಗೇ ಅಲ್ವಾ ಇರೋದು?"

ಸುತ್ತ ಊರಿನವರು ನೆರೆದಿದ್ದಾರೆ, ಗಂಡ ಫೋನಿನಲ್ಲಿ ಫೋಟೋ ತೆಗೆಯುತ್ತ ನಿಂತಿದ್ದಾನೆ. ಏನು ಹೇಳಬೇಕೆಂದು ತೋಚದೆ ಸುನಂದಾ ಮೈದುನನ ಮುಖ ನೋಡಿದಳು. ಅವನು ಕೇಳುತ್ತಿದ್ದುದು ನಿಜವಾದ ಪ್ರಶ್ನೆ. ಮೇಷ್ಟ್ರು ಪ್ರತಿ ಪಾತ್ರಕ್ಕೂ ಅದಕ್ಕೆ ಉತ್ತರ ಹೇಳುತ್ತಿದ್ದರು: ಈ ದೂತ ಯಾಕೆ ಓಡಿ ಬರುತ್ತಾನೆ, ಈ ಋಷಿ ಯಾಕೆ ಕೋಪಿಸಿಕೊಳ್ಳುತ್ತಾನೆ. ಇವರ ಹತ್ತಿರ ಉತ್ತರವಿರಲಿಲ್ಲ.

"ನಾನು ಹಂಗಿಲ್ಲ," ಎಂದ ದಯಾನಂದ. "ಹೊಡೆದ್ರೆ ನಾನು ನಗಲ್ಲ. ಯಾರೂ ನಗಲ್ಲ."

ಎರಡು ಸಲ ಹೇಳಿ ನೋಡಿದರು. ಅವನು ಮರದ ಮರೆಗೆ ಹೋಗಿ ತನ್ನ ಹೊಸ ಶರ್ಟು ಪ್ಯಾಂಟು ಹಾಕಿಕೊಂಡು ಬಂದ. ಹರಿದ ಚಡ್ಡಿಯನ್ನು ನಾಲ್ಕು ಮಡಿಕೆ ಮಡಿಸಿ ವೇಷಭೂಷಣದವನ ಕೈಗಿಟ್ಟು, "ನಮಸ್ಕಾರ, ಬತ್ತೀನಿ," ಎಂದು ಹೇಳಿ ಬಸ್ಸು ನಿಲ್ಲುವ ಕಡೆ ನಡೆದ. ಸುನಂದಾ ಅವನ ಹಿಂದೆ ಓಡಿದಳು. ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತು ಕಡಲೆಕಾಯಿ ತಿಂದ. ಹೇಳಬೇಕಾದ್ದನ್ನು ತಾನು ಹೇಳಲಿಲ್ಲವಲ್ಲ ಎಂಬುದು ಸುನಂದಾಳನ್ನು ಬಹಳ ದಿನ ಕಾಡಿತು.

ಊರಿನವರು ಬೈದರು. ಸಿಕ್ಕಿದ್ದನ್ನು ಒದ್ದು ಬಂದ ಎಂದರು. ರಂಗನಾಥನೂ ಒಂದು ವಾರ ಮುಖ ಊದಿಸಿಕೊಂಡಿದ್ದ. ಚಿಕ್ಕಗೌರಮ್ಮ ಮಾತ್ರ, ಯಾವತ್ತೂ ಮಗನ ನಾಟಕದ ಬಗ್ಗೆ ಒಳ್ಳೆ ಮಾತಾಡದವರು, ಆ ದಿನ ಅವನಿಗೆ ಮುದ್ದೆಗೆ ಎರಡು ಸೌಟು ತುಪ್ಪ ಹಾಕಿ ಬಡಿಸಿದರು.

ಇಂಪನಾ ಅವರ ಬದುಕಿನೊಳಗೆ ಬಂದದ್ದು ಅದಾಗಿ ನಾಲ್ಕು ವರ್ಷದ ಮೇಲೆ. ತಿಪಟೂರಿನ ಹುಡುಗಿ, ನಾಟಕ ಓದಿಕೊಂಡು ಬಂದು ಊರಲ್ಲೇ ಹನ್ನೆರಡು ಜನರ ತಂಡ ಕಟ್ಟಿದ್ದಳು. ದಯಾನಂದನ ದೂತನ ಪಾತ್ರವನ್ನು ಚಿಕ್ಕನಾಯಕನಹಳ್ಳಿಯಲ್ಲಿ ಕಂಡು ಮಾರನೆಯ ದಿನವೇ ಮನೆಗೆ ಬಂದಳು. ಸುನಂದಾಳ ಜೊತೆ ಮಾತಾಡಲಿಲ್ಲ, ರಂಗನಾಥನ ಜೊತೆಯೂ ಇಲ್ಲ. ತೆಂಗಿನ ಗರಿ ಎಳೆಯುತ್ತಿದ್ದ ದಯಾನಂದನ ಹತ್ತಿರ ಹೋಗಿ, "ದಯಾನಂದ್ ಅವರೇ, ನನ್ನ ನಾಟಕದಲ್ಲಿ ಮಾಡ್ತೀರಾ?" ಎಂದು ಕೇಳಿದಳು. ಅವನನ್ನು ಯಾರಾದರೂ 'ರೀ' ಹಚ್ಚಿ ಮಾತಾಡಿಸಿದ್ದು ಅದೇ ಮೊದಲು.

"ಕಥೆ ಹೇಳಿ," ಎಂದ ಅವನು.

ಕಥೆ ಸರಳವಾಗಿತ್ತು. ಅಪ್ಪ ತೀರಿಕೊಂಡ ಮನೆಯಲ್ಲಿ ಇಬ್ಬರು ಅಣ್ಣಂದಿರು ತೋಟ ಪಾಲು ಮಾಡಿಕೊಳ್ಳುತ್ತಾರೆ. ಮರ, ಬಾವಿ, ಹಸು ಎಲ್ಲ ಹಂಚಿಯಾದ ಮೇಲೆ ತಮ್ಮ ಯಾರ ಪಾಲಿಗೆ ಎಂದು ಜಗಳ ಹತ್ತುತ್ತದೆ. ಬೇರೆಯವರೆಲ್ಲ ಮಾತಾಡುವಷ್ಟು ಹೊತ್ತೂ ತಮ್ಮ ಅಲ್ಲೇ ಇರುತ್ತಾನೆ. ಕೊನೆಗೆ ಅವನು ಬಾಯಿ ಬಿಡುತ್ತಾನೆ.

ತಿಪಟೂರಿನಲ್ಲಿ ನಾಲ್ಕು ತಿಂಗಳು ತಾಲೀಮು ನಡೆಯಿತು. ಸುನಂದಾ ದಿನಾ ಬಸ್ಸಿನಲ್ಲಿ ಜೊತೆಗೆ ಹೋದಳು. ಅಣ್ಣಂದಿರ ಮಾತು ಕೇಳುವಾಗೆಲ್ಲ ಇದು ತಮ್ಮ ಮನೆಯದೇ ಕಥೆಯೆಂದು ಜನ ತಿಳಿದಾರೆಂಬ ಅಳುಕು ಅವಳಿಗೆ. ಪ್ರದರ್ಶನದ ದಿನ ಸಂಜೆ, ಅಭ್ಯಾಸದಂತೆ ಪುಸ್ತಕ ಹಿಡಿದು ಪರದೆಯ ಪಕ್ಕ ಹೋಗುತ್ತಿದ್ದವಳನ್ನು ದಯಾನಂದ ತಡೆದ.

"ಅತ್ಗೆ, ಇಲ್ಲಿ ಬ್ಯಾಡ. ಮುಂದೆ ಹೋಗಿ ಕೂತ್ಕೋ."

"ಮಾತು ಮರೆತ್ರೆ ಯಾರೋ ಎತ್ತಿಕೊಡೋರು?"

"ನೀನು ನನ್ನ ಯಾವತ್ತೂ ನೋಡಿಲ್ಲ. ಪಕ್ಕದಿಂದ ನೋಡಿದೀಯ. ಹೋಗು."

ಸುನಂದಾಗೆ ಪಿಚ್ಚೆನಿಸಿತು. ಹತ್ತು ವರ್ಷ ಜೊತೆಗಿದ್ದವಳನ್ನು ಆಚೆ ಕಳಿಸಿದನಲ್ಲ! ಹೋಗಿ ಅತ್ತೆ, ಗಂಡ, ಮಗಳ ಪಕ್ಕ ಮೂರನೇ ಸಾಲಿನಲ್ಲಿ ಕೂತಳು. ದೀಪ ಆರಿತು. ಆಮೇಲೆ ಅವಳು ಕಂಡದ್ದು ಎಂದೂ ನೋಡಿರದ ಮನುಷ್ಯನನ್ನು. ಅಣ್ಣಂದಿರು ಕೂಗಾಡುತ್ತಿದ್ದರೆ ಅವನು ಮೂಲೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದ. ಅವರ ಒಂದೊಂದು ಮಾತೂ ಮಡಿಸುವ ಕೈಗಳಲ್ಲಿ ಕಾಣುತ್ತಿತ್ತು. ಮಾತಾಡುವವರನ್ನು ಬಿಟ್ಟು ಜನ ಆ ಕೈಗಳನ್ನೇ ನೋಡುತ್ತಿದ್ದರು.

ಕೊನೆಯ ಮಾತಿನ ಹೊತ್ತು ಬಂತು. ದಯಾನಂದ ಎದ್ದು ಮುಂದೆ ಬಂದು ನಿಂತ. ಸುಮ್ಮನೆ ನಿಂತ. ಹತ್ತು ಎಣಿಸುವಷ್ಟು ಹೊತ್ತಾಯಿತು, ಇಪ್ಪತ್ತಾಯಿತು. ಮರೆತಿದ್ದಾನೆ ಎಂದುಕೊಂಡಳು ಸುನಂದಾ. ತನಗರಿವಿಲ್ಲದೆ ಅವಳ ತುಟಿ ಆ ಮಾತನ್ನು ಆಡುತ್ತಿತ್ತು. ಅವನು ಅವಳತ್ತ ನೋಡಲೇ ಇಲ್ಲ. ನಿಧಾನವಾಗಿ ಇಬ್ಬರು ಅಣ್ಣಂದಿರ ಮುಖ ನೋಡಿ, ಮೆಲ್ಲಗೆ, ಪ್ರತಿ ಅಕ್ಷರ ಕೇಳುವಂತೆ ಹೇಳಿದ: "ನನ್ನ ಯಾರೂ ಕೇಳ್ಲಿಲ್ಲ."

ಪಕ್ಕದಲ್ಲಿ ಚಿಕ್ಕಗೌರಮ್ಮ ಸೆರಗು ಬಾಯಿಗೆ ತುರುಕಿಕೊಂಡದ್ದು ಸುನಂದಾಗೆ ಗೊತ್ತಾಯಿತು.

ಆಮೇಲೆ ಬಣ್ಣದ ಕೋಣೆಯಲ್ಲಿ ಅವಳು ಕೇಳಿದಳು, "ನಿಜ ಹೇಳು, ಮರೆತೋಗಿತ್ತಲ್ವಾ?"

"ಇಲ್ಲ. ಯಾರೋ ಕೆಮ್ತಿದ್ರು. ನಿಲ್ಲಿಸ್ಲಿ ಅಂತ ಕಾಯ್ತಿದ್ದೆ."

ಅವಳು ನಗಬೇಕೋ ಅಳಬೇಕೋ ತಿಳಿಯದೆ ಅವನ ಮುಖದ ಬಣ್ಣ ಒರೆಸತೊಡಗಿದಳು. ಅವನು ಬಟ್ಟೆ ಕಸಿದುಕೊಂಡು ತಾನೇ ಒರೆಸಿಕೊಂಡ.

ನಾಟಕವಾದ ನಾಲ್ಕನೇ ದಿನ ರಂಗನಾಥ ಕಾಫಿ ಕುಡಿಯುತ್ತ ತಮ್ಮನ ಎದುರು ಬಂದು ಕೂತ. "ಲೇ ದಯಾ, ನಿಂಗೇನು ಬೇಕ್ಲಾ? ಈ ಮನೇಲಿ."

"ಮುಂದಿನ ರೂಮು. ರಸ್ತೆ ಕಾಣೋದು."

ಅದು ಬಂದವರನ್ನು ಕೂರಿಸುವ ಕೋಣೆ. ಸೋಫಾ, ಟಿವಿ, ಗೋಡೆಯ ಮೇಲೆ ತಂದೆಯ ಫೋಟೋ ಇದ್ದ ಕೋಣೆ. ರಂಗನಾಥ ಅಂದೇ ಸೋಫಾ ಎತ್ತಿಸಿ ಒಳಗಿನ ಹಜಾರಕ್ಕೆ ಹಾಕಿಸಿದ. ಮಂಚ ಬಂತು, ನಿಲುವುಗನ್ನಡಿ ಬಂತು. ತಂದೆಯ ಫೋಟೋ ಇರಲಿ ಎಂದು ದಯಾನಂದನೇ ಹೇಳಿದ. ಈಗ ಮನೆಗೆ ಯಾರೇ ಬಂದರೂ ಮೊದಲು ಮಾತಾಡಿಸುವವನು ಅವನೇ.

ಆ ನಾಟಕ ಮೂವತ್ತೆರಡು ಪ್ರದರ್ಶನ ಕಂಡಿತು. ಅದನ್ನು ನೋಡಿದ ಒಬ್ಬ ಹೊಸ ನಿರ್ದೇಶಕ ತನ್ನ ಸಣ್ಣ ಸಿನಿಮಾಕ್ಕೆ ಅವನನ್ನು ಕರೆದ. ಬೋರನಕಣಿವೆಯ ಅಣೆಕಟ್ಟಿನ ಹತ್ತಿರ ಟೀ ಅಂಗಡಿ ಇಟ್ಟುಕೊಂಡವನ ಪಾತ್ರ, ಇಪ್ಪತ್ತೆರಡು ದಿನದ ಕೆಲಸ. ಒಪ್ಪುವ ಮೊದಲು ದಯಾನಂದ ಎರಡು ಷರತ್ತು ಹಾಕಿದ. ಕಥೆ ಪೂರ್ತಿ ಓದಿ ಹೇಳಬೇಕು. ಊಟವಾದ ಮೇಲೆ ಒಂದು ಗಂಟೆ ಮಲಗಲು ಬಿಡಬೇಕು, ಹೃದಯದ ಡಾಕ್ಟರು ಹೇಳಿದ್ದಾರೆ. ಎರಡನೆಯದು ಎಷ್ಟು ಗಟ್ಟಿಯಾಗಿ ನಡೆಯಿತೆಂದರೆ, ಆಮೇಲಾಮೇಲೆ ಕ್ಯಾಮೆರಾದವರೂ ಲೈಟಿನವರೂ ಅವನ ಜೊತೆಗೇ ಹುಣಸೆಮರದಡಿ ಚಾಪೆ ಹಾಸಿ ಮಲಗತೊಡಗಿದರು. ಟೀ ಸೋಸುವುದನ್ನು ಅವನು ಹುಳಿಯಾರು ಬಸ್ ಸ್ಟ್ಯಾಂಡಿನ ಅಂಗಡಿಯೊಂದರಲ್ಲಿ ಒಂದು ವಾರ ನಿಂತು ಕಲಿತಿದ್ದ. ಸಿನಿಮಾ ಒಂದು ಚಿತ್ರೋತ್ಸವಕ್ಕೆ ಹೋಯಿತು. ಬಹುಮಾನ ಬರಲಿಲ್ಲ. ಬರುತ್ತದೆಂದು ನಂಬಿ ಕೋಟು ಹೊಲಿಸಿದ್ದ ದಯಾನಂದ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಎಂಬತ್ತು ದಾಟಿದ ಶ್ರೀರಂಗಯ್ಯ ಮೇಷ್ಟ್ರು ಫೋನ್ ಮಾಡಿ, "ನಂಗೆ ಅರವತ್ತು ವರ್ಷದಿಂದ ಬಂದಿಲ್ಲ ಕಣ್ಲಾ, ಉಣ್ಣು," ಎಂದು ಬೈದ ಮೇಲೆ ಎದ್ದು ಬಂದು ಉಂಡ.

ಈಗ ಅವನಿಗೆ ಮೂವತ್ತೊಂದು. ಇಂಪನಾಳ ತಂಡದ ಹಿರಿಯ ನಟ. ಭಾನುವಾರಗಳಂದು ತಂಡದ ಹೊಸ ಹುಡುಗರಿಗೆ ನಡಿಗೆ ಕಲಿಸುತ್ತಾನೆ. ಕಲಿಸುವಾಗ ಬಲು ಕಟ್ಟುನಿಟ್ಟು. ಕಳೆದ ವರ್ಷ ತಾಯಿಯ ಪಾತ್ರಕ್ಕೆ ಜನ ಸಿಗದೆ ಇಂಪನಾ ಸುನಂದಾಳನ್ನೇ ಎಳೆದು ನಿಲ್ಲಿಸಿದ್ದಳು. ದಯಾನಂದ ಮೂರು ತಾಲೀಮು ನೋಡಿ, "ಅತ್ಗೆ ಮಾತು ಜಾಸ್ತಿ ಆಡ್ತಾಳೆ. ಬೇರೆ ಯಾರನ್ನಾದ್ರೂ ನೋಡಿ," ಎಂದುಬಿಟ್ಟ. ಅವಳು ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದಳು. ಆಮೇಲೆ ಸಮಾಧಾನವೇ ಆಯಿತು. ನಿಂತಿದ್ದ ಟೀಚರ್ ಟ್ರೈನಿಂಗನ್ನು ಮತ್ತೆ ಕಟ್ಟಿ ಮುಗಿಸಲು ಅವಳಿಗೆ ಹೊತ್ತು ಸಿಕ್ಕಿತು.

ಈ ಶ್ರಾವಣದಲ್ಲಿ ತಂಡ ಧಾರವಾಡ ಕಡೆ ಒಂಬತ್ತು ಊರು ತಿರುಗಿ ಬರಲು ಹೊರಟಿತು. ಸುನಂದಾ ಜೊತೆಗೆ ಹೋಗದ ಮೊದಲ ಪ್ರವಾಸ. ಬೆಳಿಗ್ಗೆ ಎಂಟಕ್ಕೆ ವ್ಯಾನು ಮನೆಯ ಮುಂದೆ ಬಂದು ನಿಂತಿತು. ಮಾತ್ರೆಯ ಡಬ್ಬಿ, ಕೊಬ್ಬರಿ ಮಿಠಾಯಿ, ಸ್ವೆಟರು ಎಂದು ಚಿಕ್ಕಗೌರಮ್ಮ ಮಂಡಿ ಹಿಡಿದುಕೊಂಡೇ ಒಳಗೂ ಹೊರಗೂ ಓಡಾಡುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕು ನಿಲ್ಲಿಸಿ, "ದಯಣ್ಣ, ಒಂದು ಸೆಲ್ಫಿ," ಎಂದರು. ಅವನು ನಿಂತು ತೆಗೆಸಿಕೊಂಡ, ಕೂದಲು ಸರಿಯಿಲ್ಲವೆಂದು ಇನ್ನೊಂದು ತೆಗೆಸಿದ. ಆಮೇಲೆ ವ್ಯಾನು ಹತ್ತಿ ಡ್ರೈವರ ಪಕ್ಕದ ಸೀಟು ಹಿಡಿದು, ಹಿಂದೆ ತಿರುಗಿ ಒಬ್ಬೊಬ್ಬರನ್ನೇ ನೋಡಿದ.

"ಹೊರಡಣಾ?" ಡ್ರೈವರು ಕೇಳಿದ.

"ತಡೀರಿ," ಎಂದ ದಯಾನಂದ. "ಇಂಪನಾ ಮೇಡಂ ಅಮ್ಮನ ಹತ್ರ ಕಾಫಿ ಕುಡೀತಾವ್ರೆ. ಕುಡೀಲಿ."

ವ್ಯಾನು ನಿಂತೇ ಇತ್ತು. ಸುನಂದಾ ಬಾಗಿಲಲ್ಲಿ ನಿಂತು, ಹೇಳಬೇಕೆಂದುಕೊಂಡಿದ್ದ ಬುದ್ಧಿಮಾತೆಲ್ಲ ಬಿಟ್ಟು, ಅವನಿಗೂ ಒಂದು ಲೋಟ ಕಾಫಿ ತರಲು ಒಳಗೆ ಹೋದಳು.